ಸೋಡಿಯಂ ಮನೆಯ ಮಗಳು

ನವಲಗುಂದ
೧೭ ಜೂನ್ ೧೯೮೫, ಸೋಮವಾರ

ಚಿ. ಸೌ. ಗೌರಕ್ಕನಿಗೆ ಆಶೀರ್ವಾದ.

"ಹೊರಗ ಕುಂತಾಕಿ ಹೋಗೂದ ಚಲೋ" ಎಂದೆಯೋ, "ಹೋಗಾಕs ಬೇಕು" ಎಂದೆಯೋ, ನೀವಿಬ್ಬರೂ ನಿನ್ನ ತವರಿಗೆ ಹೊರಟ ಬಸ್ಸಿನ ಸದ್ದಿನಲ್ಲಿ ಪೂರ್ತಿ ಕೇಳಲಿಲ್ಲ. ಎರಡು ವಾರದಿಂದ ಅದೊಂದೇ ಮಾತು ತಲೆಯಲ್ಲಿದೆ. ಅದರ ಹಿಂದಿನದು ಮಾತ್ರ ಎಲ್ಲರಿಗೂ ಕೇಳಿತ್ತು: "ನೀವs ಕಲಿಸೀರಲ್ರಿ. ಸಾಲಿ ಹುಡುಗರಿಗೊಂದು ಪಾಠ, ಮನಿಗೊಂದು ಪಾಠ ಏನ್ರಿ?" ಕಂಡಕ್ಟರನೂ ನಕ್ಕ.

ಎಂದಿನಂತೆ ಈ ಪತ್ರವನ್ನೂ ನೀಲಾಳೇ ನಿನಗೆ ಓದಿ ಹೇಳುತ್ತಾಳೆ. ಓದಲಿ. ಮಗಳಿಂದ ಮುಚ್ಚಿಡುವಂಥದ್ದು ನನ್ನಲ್ಲೇನೂ ಇಲ್ಲ.

ಪಾಠವನ್ನು ನೀನು ತಪ್ಪಾಗಿ ಕೇಳಿಸಿಕೊಂಡಿಲ್ಲ. ಇಷ್ಟು ವರ್ಷ ನಮ್ಮ ಪಡಸಾಲೆಯಲ್ಲಿ ಹತ್ತನೆಯ ಇಯತ್ತೆಯ ಹುಡುಗರಿಗೆ ನಾನು ಹೇಳಿದ್ದು ಅದನ್ನೇ; ನೀನು ಒಳಗೆ ಜೋಳ ಹಸನು ಮಾಡುತ್ತ ಕೂತಿರುತ್ತಿದ್ದೆ. ಸೋಡಿಯಂ ಎಂಬುದೊಂದು ಮನೆ. ನಡುವೆ ಹನ್ನೊಂದು ಪ್ರೋಟಾನು, ಸುತ್ತ ಹನ್ನೊಂದು ಎಲೆಕ್ಟ್ರಾನು. ಒಂದಕ್ಕೊಂದು ಸರಿಹೋಗಿ ಆ ಪರಮಾಣುವಿಗೆ ಯಾವ ವಿದ್ಯುತ್ತಿನ ಗುಣವೂ ಇಲ್ಲ. ಆದರೆ ಹನ್ನೊಂದನೆಯಾಕೆ ಎಲ್ಲರಿಂದ ದೂರ, ಹೊರಗಿನ ಪಡಸಾಲೆಯಲ್ಲಿ ಒಬ್ಬಳೇ ಕೂತಿದ್ದಾಳೆ. ಬಾಜು ಮನೆ ಕ್ಲೋರಿನ್ನಿನದು. ಅವರ ಪಡಸಾಲೆಯಲ್ಲಿ ಏಳು ಜನ. ಎಂಟಾಗಲು ಒಬ್ಬಳು ಸೊಸೆ ಕಡಿಮೆ. ಕೊಟ್ಟರೆ ಎರಡೂ ಮನೆ ನೆಟ್ಟಗಾಗುತ್ತವೆ. ಹುಡುಗರಿಗೆ ತಟ್ಟನೆ ತಿಳಿಯುತ್ತಿತ್ತು. ಹೆಣ್ಣು ಕೊಟ್ಟು ತರುವ ಲೆಕ್ಕ ಈ ಸೀಮೆಯಲ್ಲಿ ಯಾರಿಗೆ ತಿಳಿಯುವುದಿಲ್ಲ?

ನಮ್ಮ ಹಿಂದಿ ಮಾಸ್ತರು ಕಾಸೀಮಸಾಬರು ಇದನ್ನೆಲ್ಲ ಕೇಳಿ, "ಉದಾಹರಣಿ ಕೊಡೂವಾಗ ಒಳಗಿನ ಬಾಗಲಾ ಹಾಕ್ಕೋಬೇಕ್ರೀ ಮಾಸ್ತರ" ಎಂದರು. ನನಗೆ ನಗು ಬರಲಿಲ್ಲ.

ಸಿಟ್ಟು ಬರುವುದು ಬೇರೆಯದಕ್ಕೆ. ನೀನು ಕೇಳಿದ್ದು ಅರ್ಧ ಪಾಠ. ಉಳಿದರ್ಧಕ್ಕೆ ಯಾವಾಗಲೂ ಎದ್ದು ರೊಟ್ಟಿ ತಟ್ಟಲು ಹೋಗುತ್ತಿದ್ದೆ. ಒಬ್ಬಳು ಹೋದಮೇಲೆ ಸೋಡಿಯಂ ಮನೆಯಲ್ಲಿ ಹನ್ನೊಂದು ಪ್ರೋಟಾನಿಗೆ ಹತ್ತೇ ಎಲೆಕ್ಟ್ರಾನು ಉಳಿಯುತ್ತವೆ. ಜೊತೆಯಿಲ್ಲದೆ ಉಳಿದ ಆ ಒಂದು ಪ್ರೋಟಾನೇ ಅದರ ವಿದ್ಯುದಂಶ. ಅತ್ತ ಕ್ಲೋರಿನ್ನಿಗೆ ಒಂದು ಎಲೆಕ್ಟ್ರಾನು ಹೆಚ್ಚಾಗಿ ಅದರದೂ ತೂಕ ತಪ್ಪುತ್ತದೆ. ಮುಂದೆ ಎರಡೂ ಸುಮ್ಮನಿರಲಾರವು. ಒಂದನ್ನೊಂದು ಕಚ್ಚಿಕೊಂಡು ಉಪ್ಪಾಗುತ್ತವೆ. ಮತ್ತೊಂದು ಮಾತು: ಸೋಡಿಯಂ ತಾನಾಗಿ ಕೊಡುವುದಿಲ್ಲ. ಹೊರಗೆ ಕೂತವಳನ್ನೂ ಅದು ಹಿಡಿದುಕೊಂಡೇ ಇರುತ್ತದೆ. ಕೀಳಲು ಶಕ್ತಿ ಹಾಕಬೇಕು.

ಶಾಲೆಯಲ್ಲಿ ಅದನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟಿರುತ್ತೇವೆ. ನೀರು ತಾಗಿದರೆ ಸಿಡಿದು ಓಡಾಡುತ್ತದೆ. ಆ ಒಂದು ಹೋದಮೇಲೆ ಅದೇ ಉಪ್ಪಿನ ಭರಣಿಯಲ್ಲಿ ತೆಪ್ಪಗಿರುತ್ತದೆ. ನಮ್ಮ ಭರಣಿಯ ಉಪ್ಪು ಮಳೆಯ ತಂಪಿಗೆ ನೀರೊಡೆದಿದೆ. ಬೆಳಿಗ್ಗೆ ಮುಚ್ಚಳ ತೆಗೆದವನು ಏಕೆ ತೆಗೆದೆನೆಂದು ಮರೆತು ನಿಂತಿದ್ದೆ.

ನಿನ್ನ ತಮ್ಮ ಈರಬಸಪ್ಪ ಕೆಟ್ಟವನೆಂದು ನಾನು ಹೇಳಿಲ್ಲ. ಅಣ್ಣಿಗೇರಿಯಲ್ಲಿ ಕಾಳಿನ ವ್ಯಾಪಾರ ಮಾಡಿಕೊಂಡಿದ್ದಾನೆ, ಚಟವಿಲ್ಲ. ಸೋದರಮಾವನಿಗೇ ಮೊದಲ ಹಕ್ಕು ಎಂದೆ ನೀನು. "ಹುಡುಗಿ ಎಲ್ಲಿ ಹೊಕ್ಕಾಳ್ರಿ? ನನ್ನ ತವರಮನ್ಯಾಗs ಇರ್ತಾಳ" ಎಂದೂ ಅಂದೆ. ಕಾರಹುಣ್ಣಿಮೆ ಮುಗಿಸಿಕೊಂಡು ಬರುತ್ತೇವೆಂದು ಹೋದವಳು ಅಲ್ಲಿಂದಲೇ ಶುಕ್ರವಾರ ನಿಶ್ಚಯವೆಂದು ಹೇಳಿ ಕಳಿಸುತ್ತೀ. ಧಾರವಾಡದಲ್ಲಿ ಅವಳಿಗೆ ಬಿ.ಎಸ್ಸಿ.ಗೆ ಸೀಟು ಹಿಡಿದಿದ್ದೇನೆ, ಹಾಸ್ಟೆಲ್ಲಿಗೂ ಮಾತಾಡಿದ್ದೇನೆ. ಸೇರಲು ಕೊನೆಯ ದಿನ ಶನಿವಾರ. ಇದು ನಿನಗೆ ಗೊತ್ತಿತ್ತು. ಅಕ್ಷರ ಬಾರದವರಿಗೆ ಲೆಕ್ಕ ಬಾರದೆಂದು ನಾನು ಯಾವತ್ತೂ ತಿಳಿದಿಲ್ಲ.

ಗುರುವಾರದೊಳಗೆ ಅವಳನ್ನು ಕಳಿಸಿಕೊಡು. ಇದು ಬಿನ್ನಹವಲ್ಲ. ನಾನು ಅವಳ ತಂದೆ; ಅವಳು ಎಲ್ಲಿಗೆ ಹೋಗಬೇಕೆಂಬುದನ್ನು ತೀರ್ಮಾನಿಸಿಯಾಗಿದೆ.

ಇತಿ,
ಶಂಭುಲಿಂಗಪ್ಪ

ತಾ. ಕ.: ನೀಲಾ, ಓದುವುದನ್ನು ಇಲ್ಲಿಗೇ ನಿಲ್ಲಿಸು. ಮುಂದಿನದನ್ನು ಅವ್ವನಿಗೆ ಹೇಳಬೇಡ. ಬರೆದದ್ದನ್ನು ಮಡಚುವ ಮೊದಲು ಒಮ್ಮೆ ತಿರುಗಿ ಓದಿದೆ. ಇದರಲ್ಲಿ ಕೊಡುವವರಿದ್ದಾರೆ, ತಗೊಳ್ಳುವವರಿದ್ದಾರೆ, ಹಿಡಿದುಕೊಂಡವನಿದ್ದೇನೆ. ಗುರುವಾರ ನಾನೇ ಮೊದಲ ಬಸ್ಸಿಗೆ ಅಣ್ಣಿಗೇರಿಗೆ ಬರುತ್ತೇನೆ. ಮನೆಗೆ ಬರುವುದಿಲ್ಲ, ಬಸ್‌ಸ್ಟ್ಯಾಂಡಿನಲ್ಲೇ ಇರುತ್ತೇನೆ. ಧಾರವಾಡಕ್ಕೆ ನಡಿ ಎನ್ನಲು ಅಲ್ಲ. ನಿನಗೆ ಎಲ್ಲಿಗೆ ಹೋಗೂದೈತಿ, ನನಗೊಮ್ಮೆ ಹೇಳ್ತೀಯೇನವಾ?