ಕೆಂಪಿಯ ಟಿಕ್ ಟಿಕ್

ಮಾರ್ಚ್ ೧೨, ಮಧ್ಯಾಹ್ನ

ಮುದ್ದಿನ ಕಿಡಿಗೆ,

ಅಮ್ಮನಿಂದ ಒಂದು ಮುತ್ತು, ಜೊತೆಗೆ ಒಂದಿಷ್ಟು ಬೈಗುಳ. ಬೈಗುಳ ಯಾಕೆಂದು ಮುಂದೆ ಓದಿದರೆ ಗೊತ್ತಾಗುತ್ತದೆ.

ನೀನು ಕಳಿಸಿದ ಪೆಟ್ಟಿಗೆಗಳು ಬಂದು ಸೇರಿದವು. ಕಂಪ್ಯೂಟರು, ಸ್ಟೀರಿಂಗು, ಕಾಲಲ್ಲಿ ತುಳಿಯುವ ಪೆಡಲು, ಸ್ಪೀಕರು ಎಲ್ಲ ಒಂದು ಗೀರೂ ಇಲ್ಲದೆ ಬಂದಿವೆ. ಜೋಡಿಸಲು ಯಾರನ್ನಾದರೂ ಕರೆಸು ಎಂದು ನೀನು ಬರೆದಿದ್ದೆ. ಮೆಕ್ಯಾನಿಕ್‌ನ ಜೊತೆ ಇಷ್ಟು ವರ್ಷ ಬಾಳಿದವಳಿಗೆ ನಾಲ್ಕು ವೈರು ಸಿಕ್ಕಿಸಲು ಬರುವುದಿಲ್ಲವೇ? ಎಲ್ಲವನ್ನೂ ನಾನೇ ಊಟದ ಮೇಜಿನ ಮೇಲೆ ಕೂರಿಸಿದೆ. ಈಗ ನಾವಿಬ್ಬರೂ ತಟ್ಟೆ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತೇ ಊಟ ಮಾಡುತ್ತೇವೆ, ಅದು ಬೇರೆ ಮಾತು.

ನಿನ್ನ ಪತ್ರದ ಕೊನೆಯ ಸಾಲು ಮಾತ್ರ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ. ನೀನು ಮಾಡಿದ ಕಾರ್ ರೇಸಿನ ಆಟ ಮಾರಾಟಕ್ಕೆ ಬರುವುದು ಮುಂದಿನ ತಿಂಗಳು, ಅಷ್ಟರೊಳಗೆ ಅದರಲ್ಲಿರುವ ನಮ್ಮ ಹಳೇ ರೇಸ್ ಕಾರು ಕೆಂಪಿಯ ಇಂಜಿನ್ ಸದ್ದು ಸರಿಯಿದೆಯೋ ಇಲ್ಲವೋ ಅಪ್ಪ ಒಂದು ಮಾತು ಹೇಳಲಿ, ಈ ಸಲವೂ ಬರೀ 'ಹೂಂ' ಎಂದರೆ ಇನ್ನು ಅವರನ್ನು ಏನೂ ಕೇಳುವುದಿಲ್ಲ, ಮನೆಗೂ ಬರುವುದಿಲ್ಲ ಎಂದು ಬರೆದಿದ್ದೀಯ. ನಿನಗೆ ಮೂಗಿನ ತುದಿಯಲ್ಲೇ ಕೋಪ. ಅದು ಯಾರಿಂದ ಬಂತು ಎಂದು ನಾನು ಹೇಳಬೇಕಾಗಿಲ್ಲ. ಇದಕ್ಕೆಲ್ಲ ಫೋನಿನಲ್ಲೇ ಉತ್ತರ ಕೊಡಬಹುದಿತ್ತು. ಆದರೆ ನಾನು ಫೋನ್ ಹಿಡಿದರೆ ಅಪ್ಪ ಎದುರಿಗೇ ಕೂತು ನನ್ನ ತುಟಿ ನೋಡುತ್ತಾರೆ. ಯಾಕೆ ನೋಡುತ್ತಾರೆ ಎನ್ನುವುದನ್ನು ಹೇಳುವುದಕ್ಕೇ ಈ ಕಾಗದ. ಅವರು ಮಲಗಿದ್ದಾರೆ, ಏಳುವುದರೊಳಗೆ ಬರೆದು ಮುಗಿಸಬೇಕು.

ಮೊದಲು ಸದ್ದಿನ ವಿಷಯ. ಮೊದಲ ದಿನ ಅವರು ಹೊರಗೆ ಹೋಗಿದ್ದಾಗ ನಾನೊಬ್ಬಳೇ ಕೂತು ಕೆಂಪಿಯನ್ನು ಸ್ಟಾರ್ಟ್ ಮಾಡಿದೆ. ಕಣ್ಣು ತುಂಬಿ ಬಂತು ಕಣೇ. ನಮ್ಮ ವರ್ಕ್‌ಶಾಪಿನ ತಗಡಿನ ಮಾಡು, ಗೋಡೆಗೆ ಮೊಳೆ ಹೊಡೆದು ಸಾಲಾಗಿ ನೇತುಹಾಕಿದ ಸ್ಪ್ಯಾನರುಗಳು, ಎಷ್ಟು ತಿಕ್ಕಿದರೂ ಹೋಗದ ಆಯಿಲ್ ವಾಸನೆ ಎಲ್ಲ ಊಟದ ಮೇಜಿಗೇ ಬಂದುಬಿಟ್ಟವು. ರೇಸಿನ ದಿನ ಬೆಳಿಗ್ಗೆ ಅಪ್ಪ ಕೆಂಪಿಯನ್ನು ಬೆಚ್ಚಗೆ ಮಾಡಲು ಶುರು ಮಾಡಿದರೆ ಇಡೀ ಬೀದಿಯ ಕಿಟಕಿ ಗಾಜು ಅದುರುತ್ತಿದ್ದವು. ಎದುರು ಅಂಗಡಿಯ ಟೈಲರಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ನಮ್ಮನ್ನು ಬೈಯುತ್ತಿದ್ದಳು. ಅವಳು ಏನು ಬೈದಳೋ ದೇವರಿಗೇ ಗೊತ್ತು, ಪಿನ್ನಿನ ದೆಸೆಯಿಂದ ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ.

ನೀನು ಮರದ ಪೆಟ್ಟಿಗೆಯ ಮೇಲೆ ಹತ್ತಿ ಅಪ್ಪನ ಹಿಂದೆ ನಿಂತಿರುತ್ತಿದ್ದೆ. ಅವರು ಬಾನೆಟ್ಟಿನೊಳಗೆ ತಲೆ ಹಾಕಿ ಕಾರ್ಬುರೇಟರಿನ ಸ್ಕ್ರೂ ತಿರುಗಿಸುತ್ತಾ ಹೋಗುವುದು, ಇಂಜಿನ್ ಸದ್ದು ಹದಕ್ಕೆ ಬಂದ ಕೂಡಲೇ ನೀನು ಅವರ ಭುಜ ತಟ್ಟುವುದು, ಅಲ್ಲಿಗೇ ಅವರು ನಿಲ್ಲಿಸುವುದು. ನಿನಗೆ ಅದು ಆಟ. ಬಂದ ಗಿರಾಕಿಗಳಿಗೆಲ್ಲ ಅಪ್ಪ 'ಈ ವರ್ಕ್‌ಶಾಪಿನ ಹೆಡ್ ಮೆಕ್ಯಾನಿಕ್ ಇವಳು, ನಾನು ಬರೀ ಸ್ಕ್ರೂ ತಿರುಗಿಸೋನು' ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅವರು ಹೇಳುತ್ತಿದ್ದುದು ನಿಜವೆಂದು ಆಗ ಗೊತ್ತಿದ್ದದ್ದು ನನಗೊಬ್ಬಳಿಗೇ.

ಅಪ್ಪನಿಗೆ ಕಿವಿ ಕೇಳುವುದಿಲ್ಲ, ಕಿಡಿ. ಇವತ್ತು ನಿನ್ನೆಯದಲ್ಲ. ನೀನು ಪೆಟ್ಟಿಗೆ ಹತ್ತಿ ನಿಲ್ಲುತ್ತಿದ್ದ ಕಾಲಕ್ಕೇ ಅರ್ಧ ಹೋಗಿತ್ತು. ಸೈಲೆನ್ಸರ್ ಬಿಚ್ಚಿದ ಇಂಜಿನ್ನುಗಳ ಪಕ್ಕದಲ್ಲೇ ಆಯುಸ್ಸು ಕಳೆದವರು, ಇನ್ನೇನಾಗುತ್ತದೆ? ಕಿವಿಗೆ ಮಷೀನ್ ಹಾಕಿಸಿದೆವು. ಅದರಲ್ಲಿ ಎಲ್ಲರೂ ಡಬ್ಬದೊಳಗೆ ಕೂತು ಮಾತಾಡಿದ ಹಾಗಿರುತ್ತದೆ ಎಂದು ಕಳಚಿ ಬೀರುವಿನಲ್ಲಿಟ್ಟಿದ್ದಾರೆ.

ನಿನಗೆ ದೂರದ ಊರಿನಲ್ಲಿ ಕೆಲಸ ಸಿಕ್ಕಿದ ದಿನ ವರ್ಕ್‌ಶಾಪಿಗೆ ಓಡಿಹೋಗಿ ಹೇಳಿದೆಯಲ್ಲ, ಅವರು ಗ್ರೈಂಡರ್ ಹಿಡಿದು ಆ ಕಡೆ ತಿರುಗಿದ್ದರು. ನೀನು ಅವರ ಬೆನ್ನಿಗೆ ಹೇಳಿದೆ. ಅವರು ತಿರುಗಲಿಲ್ಲ. ನೀನು ಹೋಗುವುದು ಅಪ್ಪನಿಗೆ ಇಷ್ಟವಿಲ್ಲ ಎಂದು ಅಂದುಕೊಂಡೆ, ಮೂತಿ ಊದಿಸಿಕೊಂಡೇ ಬಟ್ಟೆ ಜೋಡಿಸಿದೆ. ಸಂಜೆ ನಾನು ಎದುರು ಕೂತು ಹೇಳಿದಾಗಲೇ ಅವರಿಗೆ ವಿಷಯ ತಿಳಿದದ್ದು. ಆಗ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ: 'ಅವಳಿಗೆ ನನ್ನ ಕಿವಿ ವಿಷ್ಯ ಹೇಳ್ಬೇಡ. ಗೊತ್ತಾದ್ರೆ ಇಲ್ಲೇ ಉಳ್ಕೊಂಡು ಜೀವಮಾನ ಪೂರ್ತಿ ನನ್ನ ಭುಜ ತಟ್ಟಿಕೊಂಡು ಕೂತ್ಕೋತಾಳೆ. ಸಿಟ್ಟಲ್ಲಿ ಹೋದ್ರೂ ಪರ್ವಾಗಿಲ್ಲ, ಹೋಗ್ಲಿ.'

ನೀನು ಹೋದ ಮೇಲೆ ಇಂಜಿನ್ ಹದ ನೋಡುವ ಕಿವಿ ವರ್ಕ್‌ಶಾಪಿನಲ್ಲಿ ಉಳಿಯಲಿಲ್ಲ. ಸ್ವಲ್ಪ ದಿನ ಹೇಗೋ ನಡೆಸಿದರು, ಆಮೇಲೆ ಶಟರ್ ಎಳೆದರು. ಕೆಂಪಿಯನ್ನು ಹಳೇ ಕಾರುಗಳ ಹುಚ್ಚಿನ ಆ ಹಲ್ಲಿನ ಡಾಕ್ಟರಿಗೆ ಕೊಟ್ಟರು. ಅದನ್ನೂ ನೀನು ನಿನ್ನ ಮೇಲಿನ ಮುನಿಸಿಗೆ ಮಾಡಿದ್ದು ಎಂದುಕೊಂಡೆ. ಫೋನಿನಲ್ಲಿ ನೀನು ಏನು ಹೇಳಿದರೂ ಅವರಿಗೆ ಗುಂಯ್ ಎನ್ನುವುದೊಂದೇ ಕೇಳುತ್ತದೆ. ಅದಕ್ಕೆ 'ಹೂಂ' ಎಂದು ನನ್ನ ಕೈಗೆ ಕೊಟ್ಟುಬಿಡುತ್ತಾರೆ. ನೀನು ಮನೆಗೆ ಬಂದಾಗಲೆಲ್ಲ ನಾನು ನಿಮ್ಮಿಬ್ಬರ ನಡುವೆ ಕೂತು, ನೀನು ಹೇಳಿದ್ದನ್ನೇ ಅವರ ಕಡೆ ತಿರುಗಿ ಮತ್ತೆ ಹೇಳುತ್ತಿದ್ದೆ. ಅಮ್ಮನಿಗೆ ವಯಸ್ಸಾಯಿತು, ಎಲ್ಲವನ್ನೂ ಎರಡೆರಡು ಸಲ ಹೇಳುತ್ತಾಳೆ ಎಂದು ನೀನು ನಗುತ್ತಿದ್ದೆ. ನಗು, ಪರವಾಗಿಲ್ಲ. ನಿನ್ನ ನಗು ಕಾಣುತ್ತದಲ್ಲ, ಅಷ್ಟರಮಟ್ಟಿಗೆ ಅವರಿಗೂ ಖುಷಿಯಿತ್ತು.

ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ನನಗೆ ಪಶ್ಚಾತ್ತಾಪವೇನೂ ಇಲ್ಲ. ಅವರ ಮಾತೂ ಉಳಿಯಿತು, ನೀನೂ ದೊಡ್ಡವಳಾದೆ. ಆದರೆ ಮನೆಗೇ ಬರುವುದಿಲ್ಲ ಎಂದು ನೀನು ಬರೆದ ಮೇಲೂ ಬಾಯಿ ಮುಚ್ಚಿಕೊಂಡಿರಲು ನಾನೇನು ಕಲ್ಲೇ?

ಈಗ ನೀನು ಕೇಳಿದ ತೀರ್ಪು. ಇಂಜಿನ್ನಿನೊಳಗೆ ಎಲ್ಲಿ ತೊಂದರೆ ಎಂದು ನೋಡಲು ಅಪ್ಪ ಏನು ಮಾಡುತ್ತಿದ್ದರು, ನೆನಪಿದೆಯಾ? ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಳ್ಳುತ್ತಿದ್ದರು. ಕಿವಿಗೆ ಸಿಗದದ್ದು ಹಾಗೆ ಅಷ್ಟೋ ಇಷ್ಟೋ ಅವರಿಗೆ ಈಗಲೂ ಸಿಗುತ್ತದೆ. ಆ ಮೊದಲ ದಿನ ಸಂಜೆ ಮನೆಗೆ ಬಂದವರೇ ಮೇಜು ನೋಡಿದರು, ನನ್ನ ಮುಖ ನೋಡಿದರು. ನಾನು 'ಕೆಂಪಿ' ಎಂದಷ್ಟೇ ಹೇಳಿದೆ. ಒಳಗೆ ಹೋಗಿ ಆ ಹಳೇ ಸ್ಕ್ರೂಡ್ರೈವರ್ ತಂದರು. ಸ್ಪೀಕರಿನ ಡಬ್ಬಿಗೆ ಊರಿ, ಹಿಡಿಯನ್ನು ಮೂಳೆಗಿಟ್ಟು ಕಣ್ಣು ಮುಚ್ಚಿದರು. ನಾನು ಪೆಡಲು ತುಳಿಯುತ್ತಾ ಕೂತೆ. ಎಷ್ಟು ಹೊತ್ತಾದರೂ ಅವರು ಸ್ಕ್ರೂಡ್ರೈವರ್ ತೆಗೆಯಲಿಲ್ಲ. ನನ್ನ ಕಾಲು ಜೋಮು ಹಿಡಿಯಿತು.

ಕೊನೆಗೆ ಅಂದರು: 'ಗಾಡಿ ನಮ್ದೇ. ಆದ್ರೆ ವಾಲ್ವ್ ತಟ್ಟೋ ಟ್ಯಾಪೆಟ್ ಯಾರೋ ಬಿಗಿ ಮಾಡ್ಬಿಟ್ಟಿದ್ದಾರೆ. ಹೀಗೇ ಓಡಿಸಿದ್ರೆ ವಾಲ್ವ್ ಸುಟ್ಟೋಗುತ್ತೆ ಅಂತ ಕಿಡಿಗೆ ಹೇಳು.' ಆಮೇಲೆ ಕಂಪ್ಯೂಟರಿನ ಸುತ್ತ ಒಂದು ಸುತ್ತು ಬಂದು, ಇದರ ಬಾನೆಟ್ ಎಲ್ಲಿ ತೆಗೆಯುವುದು ಎಂದು ಕೇಳಿದರು. ನಾನು ಸ್ಪ್ಯಾನರುಗಳನ್ನೆಲ್ಲ ಬಚ್ಚಿಟ್ಟಿದ್ದೇನೆ.

ಬೈಗುಳ ಇಲ್ಲಿದೆ, ತೆಗೆದುಕೋ. ಡಾಕ್ಟರ ಮನೆಯಲ್ಲಿ ಆಟಕ್ಕೆಂದು ಕೆಂಪಿಯ ಸದ್ದು ರೆಕಾರ್ಡ್ ಮಾಡುವಾಗ ಹಿಂದಿನಿಂದ ಏನೋ ಟಿಕ್ ಟಿಕ್ ಬರುತ್ತಿತ್ತು, ಡಾಕ್ಟರು ಗಾಡಿಯನ್ನು ಸರಿಯಾಗಿ ನೋಡಿಕೊಂಡಿಲ್ಲ, ಅಪ್ಪ ಕೇಳಿದರೆ ನೊಂದುಕೊಳ್ಳುತ್ತಾರೆ, ಅದಕ್ಕೇ ಅದನ್ನು ಕಂಪ್ಯೂಟರಿನಲ್ಲಿ ಪೂರ್ತಿ ಅಳಿಸಿದೆ ಎಂದು ಹೆಮ್ಮೆಯಿಂದ ಬರೆದಿದ್ದೀಯಲ್ಲ, ಪೆದ್ದಿ, ಅದೇ ಕೆಂಪಿ. ಆ ಟ್ಯಾಪೆಟ್ಟುಗಳನ್ನು ಟಿಕ್ ಟಿಕ್ ಎನ್ನುವ ಹಾಗೆ ಕೂದಲೆಳೆಯಷ್ಟು ಸಡಿಲ ಬಿಟ್ಟವರು ಅಪ್ಪನೇ. ಆ ಟಿಕ್ ಟಿಕ್ ಕೇಳುತ್ತಲೇ ನೀನು ಟೈರುಗಳ ರಾಶಿಯ ಮೇಲೆ ನಿದ್ದೆ ಹೋಗುತ್ತಿದ್ದೆ. ಮನೆಯ ಗಡಿಯಾರದ ಸದ್ದು ಮನೆಯವರಿಗೆ ಕೇಳುವುದಿಲ್ಲವಲ್ಲ, ಹಾಗಾಗಿದೆ ನಿನಗೆ. ಡಾಕ್ಟರು ಪಾಪ, ಅಪ್ಪ ಬಿಟ್ಟ ಹಾಗೆಯೇ ಇಟ್ಟುಕೊಂಡಿದ್ದಾರೆ.

ಗಿರಾಕಿಗಳು ಆ ಸದ್ದಿನ ಬಗ್ಗೆ ದೂರಿದರೆ ಅಪ್ಪ ಹೇಳುತ್ತಿದ್ದ ಮಾತು ನೀನು ಮರೆತಿರಲಾರೆ: 'ಸದ್ದು ಮಾಡೋ ಟ್ಯಾಪೆಟ್ಟಿಂದ ಏನೂ ಕೆಡಲ್ಲ. ಬಿಗಿಯಾಗಿ ಸುಮ್ನಿರುತ್ತಲ್ಲ, ಅದೇ ಒಳಗೊಳಗೇ ಸುಡೋದು.' ಇಂಜಿನ್ನಿಗೆ ಇಷ್ಟು ಚೆನ್ನಾಗಿ ಹೇಳುತ್ತಿದ್ದ ಮನುಷ್ಯ ತನ್ನ ಮಗಳ ವಿಷಯದಲ್ಲಿ ಮಾತ್ರ ಬಾಯಿ ಬಿಗಿದುಕೊಂಡು ಕೂತರು. ಮಗಳೂ ಹಾಗೆಯೇ, ಅಪ್ಪನಿಗೆ ತಕ್ಕ ಮಗಳು. ನಿಮ್ಮಿಬ್ಬರಿಗೂ ಸೇರಿಸಿ ಸದ್ದು ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ, ಮಾಡಿದ್ದೇನೆ.

ಅಳಿಸಿದ್ದನ್ನು ವಾಪಸ್ ಹಾಕು. ಹಾಕಿ, ಅದನ್ನು ಕಳಿಸಬೇಡ. ನೀನೇ ತೆಗೆದುಕೊಂಡು ಬಾ. ಬಂದಾಗ ಅಪ್ಪನ ಎದುರಿಗೆ ನಿಂತು, ನಿಧಾನವಾಗಿ ಮಾತಾಡು. ಅಷ್ಟೇ ಸಾಕು, ಅವರಿಗೆ ಎಲ್ಲ ತಿಳಿಯುತ್ತದೆ.

ಎರಡೆರಡು ಸಲ ಹೇಳುವ
ನಿನ್ನ ಅಮ್ಮ

ತಾ.ಕ.: ಒಂದು ಮಾತು ಬರೆಯಲೋ ಬೇಡವೋ ಎಂದುಕೊಂಡು ಬಿಟ್ಟಿದ್ದೆ. ಅಪ್ಪ ಈಗ ದಿನಾ ಸಂಜೆ ನಿನ್ನ ಆಟದಲ್ಲಿ ಕೆಂಪಿಯನ್ನು ಓಡಿಸುತ್ತಾರೆ. ಎರಡೂ ಕೈ ಸ್ಟೀರಿಂಗಿನ ಮೇಲಿರುವಾಗ ಸ್ಕ್ರೂಡ್ರೈವರ್ ಹಿಡಿಯುವುದು ಹೇಗೆ? ಗೇರ್ ಹಾಕುವ ಹೊತ್ತು ಗೊತ್ತಾಗದೆ ಮೊದಮೊದಲು ಹೋಗಿ ಹೋಗಿ ಗೋಡೆಗೇ ಗುದ್ದುತ್ತಿದ್ದರು. ಅದಕ್ಕೆ ನಾನು ಅವರ ಹಿಂದೆ ನಿಲ್ಲುತ್ತೇನೆ, ಇಂಜಿನ್ ಸದ್ದು ಏರಿದ ಕೂಡಲೇ ಭುಜ ತಟ್ಟುತ್ತೇನೆ. ನಿನ್ನೆ ತಟ್ಟುವುದು ತಡವಾಯಿತು, ಗಾಡಿ ತಿರುವಿನಲ್ಲಿ ಮಗುಚಿತು. ಅವರು ಹಿಂದೆ ತಿರುಗಿಯೂ ನೋಡದೆ ಅಂದರು: 'ಕಿಡಿ ಆಗಿದ್ರೆ ತಡ ಮಾಡ್ತಿರ್ಲಿಲ್ಲ.'