ಹನ್ನೊಂದನೆಯ ಚೀಟಿ

ದೇವದುರ್ಗ ತಾಲೂಕು
22 ಮಾರ್ಚ್ 1987

ಪ್ರೀತಿಯ ಮುನವ್ವರ್,

ಮಾನ್ವಿಯಲ್ಲಿ ನೀನು, ನಿಮ್ಮ ಯಜಮಾನರು, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಾನು ಮಾತ್ರ ಚೆನ್ನಾಗಿಲ್ಲ. ಮಂಡಲ ಪಂಚಾಯ್ತಿ ಮೆಂಬರಾಗಿದ್ದೇನೆ.

ನಗಬೇಡ. ಒಂದು ದಿನ ಜೋಳ ಹಸನು ಮಾಡುತ್ತಿದ್ದಾಗ ನಮ್ಮ ಮನೆಯವರು ಕಾಗದವೊಂದನ್ನು ತಂದು ಸಹಿ ಹಾಕು ಎಂದರು. ರೇಷನ್ ಕಾರ್ಡಿಗಿರಬೇಕೆಂದು ಹಾಕಿದೆ. ನಮ್ಮ ವಾರ್ಡು ಹೆಂಗಸರಿಗೆ ಮೀಸಲಾದದ್ದು ಆಮೇಲೆ ತಿಳಿಯಿತು. ರಾಯಚೂರಿನಲ್ಲಿ ಅಚ್ಚು ಹಾಕಿಸಿದ ಹಾಳೆ ಗೋಡೆಗೆ ಅಂಟಿತು: ಮೇಲೆ ಅವರ ಫೋಟೊ, ಕೆಳಗೆ ‘ಶರಣಯ್ಯನವರ ಧರ್ಮಪತ್ನಿಗೇ ನಿಮ್ಮ ಮತ.’ ನನ್ನ ಹೆಸರೇ ಇರಲಿಲ್ಲ. ನಿನ್ನ ಪಕ್ಕ ಕೂತು ಏಳನೇ ತರಗತಿವರೆಗೆ ಓದಿದವಳು ನಾನು.

ಗೆದ್ದೆ. ಹಾರ ಅವರ ಕೊರಳಿಗೆ ಬಿತ್ತು. ಅವರು ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಮಾತು ಕೊಡುತ್ತಾರೆ. ಬಂದವರಿಗೆ ಚಹಾ ಮಾಡುವುದು ಚುನಾಯಿತಳಾದ ನನ್ನ ಪಾಲಿನ ಕೆಲಸ.

ಮೊನ್ನೆ ಮಂಡಲದ ಪ್ರಧಾನರ ಆಯ್ಕೆ ಇತ್ತು. ನಿಂತವರು ಇಬ್ಬರು: ಎಣ್ಣೆ ಮಿಲ್ಲಿನ ಗದ್ದೆಪ್ಪ, ಕೂಲಿ ಮಾಡುವ ಆದೆಮ್ಮ. ಇಪ್ಪತ್ತೊಂದು ಮೆಂಬರರಲ್ಲಿ ಹನ್ನೊಂದು ಮಂದಿ ಗದ್ದೆಪ್ಪನ ಕಡೆ ಎಂದು ನಮ್ಮ ಮನೆಯವರ ಲೆಕ್ಕ. ಮಂಡಲ ಕಚೇರಿಯಿರುವ ಗಬ್ಬೂರಿಗೆ ಹೋಗುವ ಬಸ್ಸಿನಲ್ಲಿ, ಎಲ್ಲರಿಗೂ ಕೇಳುವಂತೆ, ಚೀಟಿಯ ಮೇಲೆ ಗುರುತು ಹಾಕುವುದನ್ನು ನನಗೆ ಮೂರು ಸಲ ಕಲಿಸಿದರು. ಕಚೇರಿಯಲ್ಲಿ ನನ್ನ ಕುರ್ಚಿಯಲ್ಲಿ ತಾವೇ ಕೂತರು. ಮೆಂಬರಲ್ಲದವರು ಹೊರಗೆ ಹೋಗಬೇಕೆಂದು ಚುನಾವಣಾಧಿಕಾರಿ ಹೇಳಿದಾಗ, ಅದು ತಮಗಲ್ಲವೆಂಬಂತೆ ಇನ್ನೂ ಸ್ವಲ್ಪ ಹೊತ್ತು ಕೂತೇ ಇದ್ದರು.

ಬಾಗಿಲು ಹಾಕಿದ ಮೇಲೆ ಗದ್ದೆಪ್ಪ ಒಳ್ಳೆಯ ಆಡಳಿತದ ಬಗ್ಗೆ ಬಹಳ ಹೊತ್ತು ಹೇಳಿದ. ಆದೆಮ್ಮ ಎದ್ದು ಸೀದಾ ನನ್ನ ಕಡೆ ತಿರುಗಿದಳು.

“ನಿಮ್ಮ ಓಣಿಗೆ ಏನು ಬೇಕಾಗ್ಯದ ಹೇಳ್ರಿ, ಯವ್ವಾ.”

ಮುನವ್ವರ್, ಗೆದ್ದಾಗಿನಿಂದ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಬೋರ್‌ವೆಲ್ ಕೆಟ್ಟು ನಾಲ್ಕು ತಿಂಗಳಾಯಿತು, ಬಸುರಿಯರೂ ಹೊಲದ ಬಾವಿಗೆ ಹೋಗುತ್ತಾರೆ ಎಂದೆ. ನನ್ನ ಧ್ವನಿ ನನಗೇ ಹೊಸದೆನಿಸಿತು.

ಆದೆಮ್ಮನಿಗೆ ಹನ್ನೊಂದು ಚೀಟಿ ಬಂತು, ಗದ್ದೆಪ್ಪನಿಗೆ ಹತ್ತು.

ಆ ಹನ್ನೊಂದನೆಯದು ಯಾರದೆಂದು ಊರ ಗಂಡಸರು ಈಗ ಒಬ್ಬರನ್ನೊಬ್ಬರು ತಿಂದುಹಾಕುತ್ತಿದ್ದಾರೆ. ಮಾರೆಪ್ಪನದೇ ಎಂದು ನಮ್ಮ ಮನೆಯವರು ತೀರ್ಮಾನಿಸಿದ್ದಾರೆ. ಪಾಪ, ಅವನೂ ಮೆಂಬರು, ಆದರೆ ದುಡಿಯುವುದು ಗದ್ದೆಪ್ಪನ ಮಿಲ್ಲಿನಲ್ಲಿ. ಎರಡು ದಿನದಿಂದ ಅವನನ್ನು ಮಿಲ್ಲಿನೊಳಗೆ ಬಿಟ್ಟಿಲ್ಲ. ಅವನ ಹೆಂಡತಿ ನಮ್ಮ ಬಾಗಿಲಿಗೆ ಬಂದು ಅತ್ತು ಹೋದಳು.

ನನ್ನ ಮೇಲೆ ಅನುಮಾನ ಬರಲಿಲ್ಲವೇ ಎಂದು ಕೇಳುತ್ತೀ. ಇಲ್ಲ. ಚೀಟಿ ಹಿಡಿದ ಕೈಗೆ ತಲೆಯೂ ಇರಬಹುದೆಂದು ಅವರಿಗೆ ಹೊಳೆದೇ ಇಲ್ಲ. ಬೈದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನಾನಾದರೂ ಬಾಯಿ ಬಿಡುತ್ತಿದ್ದೇನೆಯೇ? ಅದಕ್ಕೇ ನನ್ನ ಮೇಲೆ ನನಗೇ ಹೆಚ್ಚು ಸಿಟ್ಟು.

ಬಿಡುವಾದಾಗ ಬರೆ.

ನಿನ್ನ ಗೆಳತಿ,
ಶಿವಬಸಮ್ಮ

ತಾ.ಕ.: ಕಾಗದ ಇನ್ನೂ ಮನೆಯಲ್ಲೇ ಇತ್ತು. ಇವತ್ತು ಬೆಳಿಗ್ಗೆ ಕಟ್ಟೆಯಲ್ಲಿ ನಾಲ್ಕು ಮಂದಿ ಇದ್ದಾಗಲೇ ಹೇಳಿಬಿಟ್ಟೆ: “ಮಾರೆಪ್ಪನ್ನ ಬಿಡ್ರಿ. ಆ ಚೀಟಿ ನಂದು.” ಮಧ್ಯಾಹ್ನವೇ ಮಾರೆಪ್ಪ ಕೆಲಸಕ್ಕೆ ಹೋದ. ಎಲ್ಲರೂ ಎದ್ದು ಹೋದ ಮೇಲೆ ನಮ್ಮ ಮನೆಯವರು ಒಳಗೆ ಬಂದು, ಮೆಲ್ಲಗೆ, “ಯಾಕ?” ಎಂದರು. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ನನ್ನನ್ನು ಯಾಕೆ ಎಂದು ಕೇಳಿದ್ದು ಇದೇ ಮೊದಲು. ಹೇಳತೊಡಗಿದೆ. ಒಲೆಯ ಮೇಲಿನ ಬೇಳೆ ತಳ ಹಿಡಿಯಿತು, ಮಾತು ಇನ್ನೂ ಮುಗಿದಿರಲಿಲ್ಲ.