ಏಳನೇ ದಿನದ ಪಾಠ

ಮಾರ್ಚ್ 5, ಮಂಗಳವಾರ

ಪ್ರೊಜೆಕ್ಟರ್ ಇವತ್ತೂ ಕೈಕೊಟ್ಟಿತು. ಬೋರ್ಡ್ ಮೇಲೇ ಬರೆದೆ. ಎದುರಿಗೆ ಇಲಾಖೆಯ ಸೇತುವೆ ಎಂಜಿನಿಯರುಗಳು, ಅರ್ಧ ಜನರ ಕಣ್ಣು ಮಡಿಲಲ್ಲಿಟ್ಟ ಮೊಬೈಲಿನ ಮೇಲೆ. ಭೂಕಂಪ ತಾಳಿಕೊಳ್ಳುವ ಕಾಂಕ್ರೀಟ್ ಸೇತುವೆ ಕಟ್ಟೋದು ಹೇಗೆ — ಹತ್ತು ದಿನದ ತರಬೇತಿ, ಇವತ್ತು ಎರಡನೇ ದಿನ. ನಿನ್ನೆ ಏನು ಕಲಿತಿರಿ ಅಂದೆ. “ಊಟ ಚೆನ್ನಾಗಿತ್ತು ಮೇಡಂ” ಅಂದ ಒಬ್ಬ. ಎಲ್ಲರೂ ನಕ್ಕರು. ನಾನೂ.

ಕಾಗದದ ಎರಡು ಕೊಳವೆ ಮಾಡಿ ಮರಳು ತುಂಬಿದ್ದೆ. ಒಂದಕ್ಕೆ ದಾರ ದೂರ ದೂರ ಕಟ್ಟಿದ್ದು, ಇನ್ನೊಂದಕ್ಕೆ ಒತ್ತಾಗಿ ಸುತ್ತಿದ್ದು. ಮೇಲೆ ಒಂದೊಂದೇ ಪುಸ್ತಕ ಹೇರಿದೆ. ಮೊದಲನೆಯದರ ಹೊಟ್ಟೆ ಬಿರಿಯಿತು, ಪುಸ್ತಕಗಳು ಧಡಾರ್ ಅಂತ ನೆಲಕ್ಕೆ. ಎರಡನೆಯದು ಜಪ್ಪಯ್ಯ ಅನ್ನಲಿಲ್ಲ. ಸೇತುವೆ ಕಂಬದೊಳಗಿನ ಕಬ್ಬಿಣದ ರಿಂಗುಗಳ ಕೆಲಸವೂ ಇಷ್ಟೇ ಅಂದೆ. ನೆಲ ಅಲುಗಿದಾಗ ಕಂಬದ ಹೊಟ್ಟೆ ಬಿರಿಯದ ಹಾಗೆ ಹಿಡಿದುಕೊಳ್ಳೋದು.

ಸದ್ದಿಗೆ ಹಿಂದಿನ ಬೆಂಚಿನವರೊಬ್ಬರು ಎಚ್ಚರಾದರು. ಬ್ಯಾಚಿಗೆಲ್ಲ ಹಿರಿಯರು, ನಿವೃತ್ತಿಯ ಅಂಚಿನವರು. ಎಲ್ಲರೂ ತಾತ ಅಂತಲೇ ಕರೆಯೋದು. ಎದ್ದು ಬಂದು ಮರಳನ್ನು ಕೈಯಲ್ಲಿ ಬಳಿದು ಕೊಳವೆಗೆ ತುಂಬಿದರು. “ಇನ್ನೊಂದು ಸಲ ಮಾಡಿ ಮೇಡಂ. ನಾನು ನೋಡಲಿಲ್ಲ.”

ಮಾರ್ಚ್ 6

ಅಣ್ಣನ ಫೋನ್. ಈ ಇಲಾಖೆಗೆ ಅವನೇ ಚೀಫ್. ತರಬೇತಿ ಮಂಜೂರು ಮಾಡಿದವನೂ ಅವನೇ.

“ಪುಟ್ಟೀ, ಹತ್ತು ದಿನ ಆಗಲ್ಲ ಕಣೇ. ಆರಕ್ಕೆ ಮುಗಿಸು. ಮಂತ್ರಿಗಳ ಟೂರ್ ಬಂದಿದೆ, ಜನ ಬೇಕು.”

“ಏಳನೇ ದಿನದ್ದು ಬಹಳ ಮುಖ್ಯ ಅಣ್ಣಾ. ಭೂಕಂಪ ಆದ ಮೇಲೆ ಸೇತುವೆ ಪರೀಕ್ಷೆ ಮಾಡೋದು ಹೇಗೆ ಅಂತ.”

“ಆರನೇ ದಿನಕ್ಕೇ ತುರುಕು. ನಿನಗೆ ಹೇಳಿಕೊಡಬೇಕಾ?”

ಐವತ್ತೆರಡು ವರ್ಷದ ಹೆಂಗಸು ನಾನು. ಇನ್ನೂ ಪುಟ್ಟಿ.

ಮಾರ್ಚ್ 8

ಟೀ ಹೊತ್ತಲ್ಲಿ ತಾತ ಹತ್ತಿರ ಬಂದರು. ಊರಿನ ಹೊಳೆಗೆ ಇರೋ ಎರಡು ಸೇತುವೆಗಳೂ — ಹೊಳೆಯ ಕೆಳಗಡೆಯದು ಕೆಳಸೇತುವೆ, ಮೇಲ್ಗಡೆಯದು ಮೇಲ್ಸೇತುವೆ — ಅವರ ಸುಪರ್ದಿಗೇ ಬರುತ್ತವಂತೆ. ಒಂದೇ ನಕ್ಷೆಯಲ್ಲಿ ಕಟ್ಟಿದ ಅವಳಿ. “ಒಮ್ಮೆ ಬಂದು ನೋಡ್ತೀರಾ?”

ಕ್ಲಾಸು ಮುಗಿಸಿ ಅವರ ಜೀಪಿನಲ್ಲೇ ಹೋದೆ. ಕೆಳಸೇತುವೆ ಅಡಿಯಲ್ಲಿ ನಿಂತು ತಲೆಯೆತ್ತಿದೆ. ಕಂಬದ ತಲೆಯ ಮೇಲೆ ಗರ್ಡರಿನ, ಅಂದರೆ ರಸ್ತೆ ಹೊರುವ ಉದ್ದದ ತೊಲೆಯ, ತುದಿ ಬೆಂಚಿನ ಅಂಚಿಗೆ ಕೂತವರ ಹಾಗೆ ಕೂತಿದೆ. ಸ್ವಲ್ಪ ಜೋರಾಗಿ ತಳ್ಳಿದರೆ ಜಾರಬೇಕು. ಹಿಡಿದುಕೊಳ್ಳೋಕೆ ಕೇಬಲ್ಲಿಲ್ಲ, ಅಡ್ಡಗಟ್ಟೆಯಿಲ್ಲ. ಒಂದು ಕಂಬದಲ್ಲಿ ಸಿಮೆಂಟ್ ಉದುರಿ ರಿಂಗು ಕಾಣುತ್ತಿತ್ತು. ಒಂದರಿಂದ ಇನ್ನೊಂದಕ್ಕೆ ನನ್ನ ಮೊಳಕೈ ಉದ್ದ. ಬಿಚ್ಚಿಕೊಳ್ಳದ ಹಾಗೆ ರಿಂಗಿನ ತುದಿ ಕೂಡ ಒಳಕ್ಕೆ ಬಾಗಿಸಿಲ್ಲ.

ತಾತ ಆ ರಿಂಗನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಮೇಲೆ ಬಸ್ಸು ಹೋಯಿತು. ಧೂಳು ಉದುರಿತು.

“ಇದೆಲ್ಲ ಗೊತ್ತಿಲ್ಲದಾಗ ಚೆನ್ನಾಗಿ ನಿದ್ದೆ ಬರ್ತಿತ್ತು ಮೇಡಂ.”

ಮಾರ್ಚ್ 9

ಕೊನೇ ದಿನ. ಐದು ದಿನದ ಪಾಠ ಒಂದು ದಿನಕ್ಕೆ ತುರುಕಿದೆ. ಏಳನೇ ದಿನದ್ದಕ್ಕೆ ಉಳಿದದ್ದು ಕೊನೆಯ ಅರ್ಧ ಗಂಟೆ. ಏನು ನೋಡಬೇಕು ಅನ್ನೋದನ್ನ ಹೇಳಿದೆ. ಮೊದಲು ಗರ್ಡರಿನ ತುದಿ, ಆಮೇಲೆ ಕಂಬದ ತಲೆ, ಬುಡ. ಹೇಗೆ ಹೋಗಬೇಕು, ಯಾವಾಗ ಹೋಗಬಾರದು ಅನ್ನೋದಕ್ಕೆ ಬರುವಷ್ಟರಲ್ಲಿ ಫೋಟೋದವನು ಬಾಗಿಲಲ್ಲಿ ನಿಂತಿದ್ದ. ಸರ್ಟಿಫಿಕೇಟು, ಗ್ರೂಪ್ ಫೋಟೋ, ಅಣ್ಣನ ಭಾಷಣ. “ನಮ್ಮ ಇಲಾಖೆ ಈಗ ಸರ್ವಸನ್ನದ್ಧ.” ಚಪ್ಪಾಳೆ.

ಮಾರ್ಚ್ 24, ಭಾನುವಾರ

ಅಣ್ಣನ ಮನೆಯಲ್ಲಿ ಊಟ. ನಾನೂ ತಾತನೂ ಸೇರಿ ಬರೆದ ಪ್ರಸ್ತಾವ ಕೊಟ್ಟೆ. ಎರಡೂ ಸೇತುವೆಯ ಗರ್ಡರುಗಳಿಗೆ ಕೇಬಲ್ ಕಟ್ಟೋದು, ಕಂಬಗಳಿಗೆ ಹೊಸ ಕಾಂಕ್ರೀಟಿನ ಕವಚ. ಅಣ್ಣ ಕನ್ನಡಕ ಏರಿಸಿ ಪೂರ್ತಿ ಓದಿದ. ಓದುತ್ತಾನೆ, ಅದೇ ಕಷ್ಟ. ದಡ್ಡನಾಗಿದ್ದರೆ ಜಗಳ ಆಡಬಹುದಿತ್ತು.

“ಸರಿ ಇದೆ. ಆದರೆ ಈಗ ಆಗಲ್ಲ. ಮೂವತ್ತು ವರ್ಷದಿಂದ ನಿಂತಿದೆಯಲ್ಲ.”

“ನೆಲ ಅಲ್ಲಾಡಿಲ್ಲ, ಅದಕ್ಕೆ ನಿಂತಿದೆ.”

“ಒಂದು ತಿಂಗಳು ಸೇತುವೆ ಮುಚ್ಚಿದರೆ ಊರು ನನ್ನ ಮನೆ ಮುಂದೆ ಬಂದು ಕೂರುತ್ತೆ. ಮುಂದಿನ ವರ್ಷ ನೋಡೋಣ.”

ಅತ್ತಿಗೆ ನಡುವೆ ಬಂದರು. “ಊಟದ ತಟ್ಟೆ ಮುಂದೆ ಸೇತುವೆ ಬೀಳಿಸಬೇಡಿ ಮಾರಾಯ್ರೆ.” ಅತ್ತಿಗೆ ಕೆಲಸ ಮಾಡೋ ಶಾಲೆ ಹೊಳೆಯಾಚೆ. ದಿನಾ ಮೇಲ್ಸೇತುವೆ ದಾಟಿ ಹೋಗೋದು.

ಜೂನ್ 2

ಕೆಳಸೇತುವೆಗೆ ಬಣ್ಣ ಬಳಿದಿದ್ದಾರೆ. ಕಂಬಿಗಳಿಗೆಲ್ಲ ಬಣ್ಣ ಬದಲಾಯಿಸೋ ದೀಪ. ಉದುರಿದ್ದ ಕಡೆ ಸಿಮೆಂಟ್ ಮೆತ್ತಿ ಮುಚ್ಚಿದ್ದಾರೆ. ಈಗ ರಿಂಗು ಕಾಣಲ್ಲ. ತಾತ ಫೋನ್ ಮಾಡಿ, “ಮದುವೆ ಹೆಣ್ಣಿನ ಹಾಗೆ ಮಾಡಿದ್ದಾರೆ ಮೇಡಂ” ಅಂದರು. ನಗಲಿಲ್ಲ ಅವರು.

ಜುಲೈ 17, ಬುಧವಾರ, ರಾತ್ರಿ

ಅಲುಗಿತು. ಬೆಳಗ್ಗೆ ಹನ್ನೊಂದರ ಸುಮಾರಿಗೆ. ಅಡುಗೆಮನೆಯ ಪಾತ್ರೆಗಳೆಲ್ಲ ಒಟ್ಟಿಗೇ ಮಾತಾಡಿದವು. ಇವರು ನನ್ನ ರಟ್ಟೆ ಹಿಡಿದು ಹೊರಗೆ ಎಳೆದರು. ಬೀದಿಯಲ್ಲಿ ಎಲ್ಲರೂ ಬರಿಗಾಲಲ್ಲಿ.

ಅಣ್ಣನ ಫೋನ್ ಒಂದೇ ಸಲಕ್ಕೆ ಸಿಕ್ಕಿತು. “ಎರಡೂ ನಿಂತಿವೆ ಕಣೇ! ನೋಡಿದ್ಯಾ? ಸುಮ್ಮನೆ ಹೆದರಿಸ್ತಿದ್ದೆ.” ಕುಣಿಯುವಷ್ಟು ಸಂತೋಷ ಅವನ ದನಿಯಲ್ಲಿ. ನನಗೂ. ಸುಳ್ಳು ಯಾಕೆ, ಅತ್ತುಬಿಟ್ಟೆ.

ಆಮೇಲೆ ತಾತನ ಫೋಟೋಗಳು ಮೊಬೈಲಿಗೆ ಬಂದವು. ಮೊದಲನೆಯದು ದೂರದಿಂದ: ಕೆಳಸೇತುವೆಯ ಬಾಯಿಗೆ ಜೀಪು ಅಡ್ಡ ನಿಲ್ಲಿಸಿದ್ದಾರೆ, ಒಂದೂ ವಾಹನ ಬಿಡುತ್ತಿಲ್ಲ. ಒಳ್ಳೇದು ಅಂದುಕೊಂಡೆ. ಎರಡನೆಯದು ಕಂಬದ ಬುಡ. ಮೂರನೆಯದು ತಲೆ ಮೇಲೆತ್ತಿ ತೆಗೆದದ್ದು. ಗರ್ಡರಿನ ತುದಿ ಜರುಗಿದೆ, ಅಂಚಿಗೆ ಬಂದು ನಿಂತಿದೆ. ಕೆಳಗೆ ಬರೆದಿದ್ದಾರೆ: “ನೀವು ಹೇಳಿದ ಹಾಗೇ ಮೊದಲು ತುದಿ ನೋಡ್ತಿದ್ದೇನೆ.”

ಹೊರಗೆ ಬನ್ನಿ ಅಂತ ಬರೆದೆ. ಮೆಸೇಜು ಹೋಗಲಿಲ್ಲ. ಫೋನ್ ಮಾಡಿದೆ. ನೆಟ್‌ವರ್ಕ್ ಇಲ್ಲ. ಮತ್ತೆ. ಮತ್ತೆ. ಇವರು ಸ್ಕೂಟರ್ ತೆಗೆದರು. ಅರ್ಧ ದಾರಿಯಲ್ಲಿ ನೆಲ ಇನ್ನೊಮ್ಮೆ —

ಜುಲೈ 18

ಎರಡು ಗರ್ಡರ್ ಜಾರಿ ಬಿದ್ದವು. ಸೇತುವೆ ಮೇಲೆ ಯಾರೂ ಇರಲಿಲ್ಲ. ಜೀಪು ಅಡ್ಡ ಇತ್ತಲ್ಲ.

ಕೆಳಗೆ ಅವರೊಬ್ಬರೇ.

ಆಗಸ್ಟ್ 3

ತಾತನ ಮನೆಗೆ ಹೋಗಿದ್ದೆ. ಇಷ್ಟು ದಿನ ಕಾಲು ಬರಲಿಲ್ಲ. ಅವರ ಹೆಂಡತಿ ಕುರ್ಚಿ ಒರೆಸಿ ಕೂರಿಸಿದರು. ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ.

“ಅವತ್ತು ಅವರಿಗೆ ರಜ. ಬನಿಯನ್ನಲ್ಲೇ ಇದ್ರು. ಅಲುಗಿದ್ದೇ ತಡ ಷರ್ಟ್ ಹಾಕ್ಕೊಂಡ್ರು. ಎಲ್ಲಿಗ್ರೀ, ಆಫೀಸಿಂದ ಯಾರೂ ಕರೆದಿಲ್ವಲ್ಲ ಅಂದೆ. ಏನು ನೋಡ್ಬೇಕು ಅಂತ ನನಗೆ ಗೊತ್ತು ಕಣೇ, ಬೇರೆ ಯಾರಿಗೂ ಗೊತ್ತಿಲ್ಲ ಅಂದ್ರು. ಅಷ್ಟು ಹುರುಪಾಗಿ ಅವರು ಕೆಲಸಕ್ಕೆ ಹೋಗಿದ್ದನ್ನ ನಾನು ನೋಡೇ ಇರ್ಲಿಲ್ಲ ಮೇಡಂ.”

ಗೊತ್ತಿದ್ದದ್ದು ಅರ್ಧ. ಮರುಕಂಪನ ಬರುತ್ತೆ, ಕಾಯಬೇಕು, ಜರುಗಿದ ಗರ್ಡರಿನ ಅಡಿಗೆ ಯಾವ ಕಾರಣಕ್ಕೂ ಹೋಗಬಾರದು — ಅದು ಉಳಿದರ್ಧ. ಹೇಳೋಣ ಅಂತ ಬಾಯಿ ತೆಗೆದೆ. ಆಕೆ ಕಾಫಿ ತಂದಿಟ್ಟರು. ಕುಡಿದೆ. ಎದ್ದು ಬಂದೆ.

ಆಗಸ್ಟ್ 11

ಅಣ್ಣ ಬಂದಿದ್ದ. ಮುಖ ಸೋತಿತ್ತು. ಗಡ್ಡ ತೆಗೆದಿರಲಿಲ್ಲ.

“ತನಿಖೆಯವರು ನಿನ್ನ ಕರೀತಾರೆ. ಸುರಕ್ಷತೆಯ ಪಾಠ ಆಗಿತ್ತು ಅಂತ ಹೇಳು. ಅಷ್ಟೇ.”

“ಆಗಿರಲಿಲ್ಲ.”

“ಹೋದವರು ಹೋದರು ಪುಟ್ಟೀ. ವಾಪಸ್ ಬರ್ತಾರಾ?”

“ಪಾಠ ಆಗಿತ್ತು ಅಂದರೆ ಕೇಳದೆ ಹೋಗಿ ಸತ್ತರು ಅಂತ ಬರೀತಾರೆ. ಅವರ ಹೆಂಡತಿ ಅದನ್ನ ಓದಬೇಕು.”

“ಆಗಿರಲಿಲ್ಲ ಅಂದರೆ ನನ್ನ ಹೆಸರು ಬರೀತಾರೆ. ನಿನ್ನ ಅತ್ತಿಗೆ ಅದನ್ನ ಓದಬೇಕು.”

ಸೈಕಲ್ ಕಲಿಸಿದವನು. ಹಿಂದಿನಿಂದ ಹಿಡಿದುಕೊಂಡೇ ಓಡಿದವನು. ಅವನು ಚಪ್ಪಲಿ ಮೆಟ್ಟುವಾಗ, “ಮೇಲ್ಸೇತುವೆಯನ್ನಾದರೂ ಮುಚ್ಚು ಅಣ್ಣಾ” ಅಂದೆ. ತಿರುಗಿ ನೋಡಲಿಲ್ಲ.

ಆಗಸ್ಟ್ 20

ತನಿಖೆಯವರ ಮುಂದೆ ಇದ್ದದ್ದನ್ನ ಇದ್ದ ಹಾಗೇ ಹೇಳಿದೆ. ಆರು ದಿನಕ್ಕೆ ಇಳಿಸಿದ್ದರು, ಸುರಕ್ಷತೆಯ ಪಾಠ ಹೇಳಿಕೊಡಲಿಲ್ಲ, ಅಂತ. ಮೂವರೂ ತಲೆಯಾಡಿಸಿದರು. ಒಬ್ಬರು ಕೇಳಿದರು — “ಆದರೂ ಅನುಭವಸ್ಥರು. ಅಷ್ಟು ಸಾಮಾನ್ಯ ಜ್ಞಾನ ಇರಬೇಡ್ವಾ?”

ಮೇಲ್ಸೇತುವೆ ಬಗ್ಗೆ ಹೇಳಲು ಹೋದೆ. ಅದು ಈ ತನಿಖೆಯ ವ್ಯಾಪ್ತಿಗೆ ಬರಲ್ಲವಂತೆ.

ಅಕ್ಟೋಬರ್ 9

ವರದಿ ಬಂತು. ಪ್ರಕೃತಿ ವಿಕೋಪ. ಮೃತರು ಮೇಲಧಿಕಾರಿಗಳ ಅನುಮತಿಯಿಲ್ಲದೆ ಸ್ಥಳಕ್ಕೆ ಹೋಗಿದ್ದರು. ಅಣ್ಣನ ಹೆಸರಿಲ್ಲ. ನನ್ನ ಮಾತೂ ಇಲ್ಲ. ನಾನು ಆ ಕೋಣೆಗೆ ಹೋಗೇ ಇಲ್ಲವೇನೋ ಅನ್ನುವ ಹಾಗೆ.

ಕೆಳಸೇತುವೆ ಮತ್ತೆ ಕಟ್ಟುತ್ತಾರಂತೆ. ಬೇಗ ಆಗಲಿ ಅಂತ ಹಳೇ ನಕ್ಷೆಯಲ್ಲೇ. ಇವರಿಗೆ ಓದಿ ಹೇಳಿದೆ. ಪೇಪರು ಕಿತ್ತುಕೊಂಡು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡರು. “ಸಾಕು, ಮಲಗು” ಅಂದರು. ಬೆಳಗ್ಗೆ ಒಂಬತ್ತು ಗಂಟೆಗೆ.

ಅಕ್ಟೋಬರ್ 28

ಮೇಲ್ಸೇತುವೆ ದಂಡೆಯಲ್ಲಿ ನಿಂತಿದ್ದೆ. ಕೆಳಸೇತುವೆಯ ಗಾಡಿಗಳೆಲ್ಲ ಈಗ ಇದರ ಮೇಲೇ. ಲಾರಿ, ಶಾಲೆ ಬಸ್ಸು, ಸೈಕಲ್ಲು, ಆಂಬುಲೆನ್ಸು. ಗರ್ಡರಿನ ತುದಿ ಜರುಗಿರುವುದು ಬರಿಗಣ್ಣಿಗೇ ಕಾಣುತ್ತೆ. ತಾತನ ಜಾಗಕ್ಕೆ ಬಂದ ಎಂಜಿನಿಯರ್ ಸಿಕ್ಕ. ತರಬೇತಿಯಲ್ಲಿದ್ದವನೇ. ತೋರಿಸಿದೆ. ಒಮ್ಮೆಯೂ ತಲೆಯೆತ್ತಲಿಲ್ಲ. “ನಾನು ಆ ಕಡೆ ಹೋಗಲ್ಲ ಮೇಡಂ. ಮನೇಲಿ ಆಣೆ ಹಾಕಿಸ್ಕೊಂಡಿದ್ದಾರೆ.”

ತಪ್ಪು ಅನ್ನಲಾ?

ನವೆಂಬರ್ 15, ಬೆಳಗ್ಗೆ

ಅಣ್ಣನ ಫೋನ್. ಆಗಸ್ಟಿನಿಂದ ಮಾತಿಲ್ಲ. ಎತ್ತಲಿಲ್ಲ. ಮತ್ತೆ ಬಂತು. ಇವರು ಎತ್ತಿ, ಏನೂ ಹೇಳದೆ ನನ್ನ ಕೈಗೆ ಕೊಟ್ಟರು.

“ಅಣ್ಣಾ?”

“ನಿನ್ನ ಅತ್ತಿಗೆಗೆ ಇವತ್ತು ಶಾಲೆಗೆ ಹೋಗಬೇಡ ಅಂದೆ. ಮೇಲ್ಸೇತುವೆ ನೋಡಿ ಬಂದೆ ನಿನ್ನೆ. ನಾನೇ. ಇನ್ಮೇಲೆ ಹೋಗಲೇಬೇಡ, ಕೆಲಸ ಬಿಟ್ಟುಬಿಡು ಅಂದೆ.”

“ಮಿಕ್ಕವರಿಗೆ?”

ಮಾತಿಲ್ಲ. ಫೋನ್ ಇಟ್ಟೂ ಇಲ್ಲ. ಸ್ಪೀಕರ್ ಹಾಕಿ ಮೇಜಿನ ಮೇಲೆ ಮಲಗಿಸಿ ಇದನ್ನ ಬರೆಯುತ್ತಿದ್ದೇನೆ. ಅವನ ಹಿಂದೆ ಎಲ್ಲೋ ಬಸ್ಸಿನ ಹಾರ್ನು. ಅತ್ತಿಗೆ ಏನೋ ಕೇಳುತ್ತಿದ್ದಾರೆ. ಅವನು ಇನ್ನೂ ಲೈನಲ್ಲೇ ಇದ್ದಾನೆ. ಕೆಮ್ಮಿದ. ಈಗ ಏನೋ ಹೇಳುತ್ತಿದ್ದಾನೆ, ಪೆನ್ನು ಕೆಳಗಿಡುತ್ತೇನೆ.